ಗಾಡಿಗೊಂದು ಬೇರೆ ಮೀಟರ್

ಬೆಳಗ್ಗೆ ಐದೂವರೆಗೆ ಭೀಮರಾಜ್ ಕಾರಿನ ಬಾಗಿಲು ತೆಗೆದು ಒಳಗಿನ ಸ್ಕ್ರೀನ್ ನೋಡಿದವನು ಹಾಗೇ ನಿಂತುಬಿಟ್ಟ. ಹಿಂದಿನ ರಾತ್ರಿ ಒಂಬತ್ತಕ್ಕೆ ಪ್ಲಗ್ ಹಾಕುವಾಗ ಬ್ಯಾಟರಿ ಹದಿನೈದು ಪರ್ಸೆಂಟ್ ತೋರಿಸುತ್ತಿತ್ತು. ಈಗ ತೋರಿಸುತ್ತಿದ್ದುದು ನಲವತ್ತಾರು.

"ಸುಮಾ! ಈ ಪ್ಲಗ್ಗನ್ನ ಯಾರಾದ್ರೂ ಆಫ್ ಮಾಡಿದ್ರಾ?"

"ಯಾರೂ ಮುಟ್ಟಿಲ್ಲ ಕಣ್ರೀ," ಎಂದಳು ಹೆಂಡತಿ, ಅಡುಗೆಮನೆಯ ಕಿಟಕಿಯಿಂದಲೇ.

"ಮತ್ಯಾಕೆ ಅರ್ಧಾನೂ ತುಂಬಿಲ್ಲ?"

ಎಂಟು ವರ್ಷ ಡೀಸೆಲ್ ಟ್ಯಾಕ್ಸಿ ಓಡಿಸಿ, ಅದನ್ನು ಮಾರಿ, ಎಲೆಕ್ಟ್ರಿಕ್ ಕಾರು ತಂದು ಮೂರು ದಿನವಾಗಿತ್ತು. ಷೋರೂಮಿನ ಹುಡುಗ ಐವತ್ತೇ ನಿಮಿಷದಲ್ಲಿ ಎಂಬತ್ತು ಪರ್ಸೆಂಟ್ ತುಂಬುತ್ತದೆ ಎಂದು ಹೇಳಿದ್ದ. ಆ ಮಾತನ್ನು ಭೀಮರಾಜ್ ತಮ್ಮ ತಣಿಸಂದ್ರದ ಟೀ ಅಂಗಡಿಯಲ್ಲಿ ಎಷ್ಟು ಜನರಿಗೆ ಹೇಳಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಏರ್‌ಪೋರ್ಟಿಗೆ ದಿನಕ್ಕೆ ನಾಲ್ಕು ಸಲ ಹೋಗಿಬಂದರೆ ಇನ್ನೂರು ಕಿಲೋಮೀಟರ್ ದಾಟುತ್ತಿತ್ತು. ನಲವತ್ತಾರು ಪರ್ಸೆಂಟಿಗೆ ನೂರಿಪ್ಪತ್ತೂ ಕಷ್ಟ.

ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ ಅವನ ಅಪ್ಪ ಮುನಿಕೃಷ್ಣಪ್ಪ ಕತ್ತೆತ್ತಿ ನೋಡಿದರು. "ಯಾಕ್ಲಾ, ಕೆಟ್ಟೋಯ್ತಾ? ಮೂರ್ ದಿನಕ್ಕೇ?"

"ಕೆಟ್ಟಿಲ್ಲಪ್ಪ. ಏನೋ ಗೊತ್ತಾಗ್ತಿಲ್ಲ."

ಗೊತ್ತುಮಾಡಿದ್ದು ಮಗಳು ಮೋನಿಷಾ. ಅವಳು ಎರಡನೇ ಪಿಯುಸಿ ಸೈನ್ಸ್. ತಟ್ಟೆಯ ಉಪ್ಪಿಟ್ಟು ಪಕ್ಕಕ್ಕಿಟ್ಟು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ತೋರಿಸಿದಳು.

"ಅಪ್ಪ, ಅವ್ರು ಹೇಳಿದ್ದು ರೋಡ್ ಸೈಡ್ ಸ್ಟೇಷನ್ ಲೆಕ್ಕ. ಅಲ್ಲಿ ದೊಡ್ಡ ಮಷೀನಿಂದ ಕರೆಂಟು ನೇರ ಬ್ಯಾಟರಿಗೇ ಹೋಗತ್ತೆ. ಮನೆ ಕರೆಂಟು ಬ್ಯಾಟರಿಗೆ ಹಾಗೇ ಆಗಲ್ಲ, ಬದಲಾಯಿಸ್ಬೇಕು. ಅದಕ್ಕೆ ಕಾರೊಳಗೇ ಒಂದ್ ಡಬ್ಬಿ ಇದೆ. ಅದು ಇನ್ನೂ ಜಾಸ್ತಿ ಎಳ್ಕೊಳತ್ತೆ, ಆದ್ರೆ ನಮ್ ಪಾಯಿಂಟು ಕೊಡಲ್ಲ. ಮೋಟ್ರಿಗೆ ಅಂತ ಹಾಕಿಸಿರೋ ಪಾಯಿಂಟಲ್ವಾ? ಗಂಟೆಗೆ ಎರಡೂವರೆ ಯೂನಿಟ್ ಬಂದ್ರೆ ಹೆಚ್ಚು. ಬ್ಯಾಟರಿ ನಲವತ್ತೈದು ಯೂನಿಟ್‌ದು. ನೀನೇ ಭಾಗಿಸ್ಕೋ."

ಭೀಮರಾಜ್ ಬೆರಳು ಮಡಚಿದ. "ಹದಿನೆಂಟು ಗಂಟೆನಾ?"

"ಇಪ್ಪತ್ತೈದೂ ಆಗ್ಬಹುದು. ಸಂಜೆ ಇಲ್ಲಿ ವೋಲ್ಟೇಜ್ ಇಳಿಯತ್ತಲ್ಲ."

"ಅಂದ್ರೆ ಸಂಪು ದೊಡ್ದು, ನಲ್ಲಿ ಅರ್ಧ ಇಂಚು," ಎಂದರು ಅಜ್ಜಿ ನಾರಾಯಣಮ್ಮ, ಮಗನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸುತ್ತ. "ಅದನ್ನ ಗಾಡಿ ತಗೊಳಕ್ ಮುಂಚೆ ಕೇಳ್ಬೇಕಾಗಿತ್ತು ಕಣಪ್ಪ."

ಭೀಮರಾಜ್ ಆ ಉಪ್ಪಿಟ್ಟು ಮುಟ್ಟದೆ ಎದ್ದ.

ಅಂದಿನಿಂದ ಮನೆಯ ದಿನಚರಿಯೇ ಕಾರಿನ ಸುತ್ತ ತಿರುಗತೊಡಗಿತು. ಮಧ್ಯಾಹ್ನ ಊಟಕ್ಕೆ ಬಂದಾಗ ಅವನು ಮೊದಲು ಪ್ಲಗ್ ಚುಚ್ಚುತ್ತಿದ್ದ, ಆಮೇಲೆ ಕೈ ತೊಳೆಯುತ್ತಿದ್ದ. ಚಾರ್ಜ್ ಆಗುವಾಗ ಸುಮಾ ಮೋಟ್ರು ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಗೀಸರ್ ಹಾಕಿದರೂ ಹೋಗುತ್ತಿತ್ತು. ಒಂದು ಶನಿವಾರ ನಾರಾಯಣಮ್ಮ ದೋಸೆಗೆ ರುಬ್ಬುತ್ತಿದ್ದಾಗ ಅರ್ಧದಲ್ಲಿ ಗ್ರೈಂಡರ್ ನಿಂತಿತು.

"ಅಮ್ಮ, ಒಂದ್ ಗಂಟೆ ಬಿಟ್ಟು ರುಬ್ಬು," ಎಂದ ಭೀಮರಾಜ್.

"ಒಂದ್ ಗಂಟೆ ಬಿಟ್ರೆ ನಿನ್ ಗಾಡಿ ತುಂಬ್ತದಾ?"

"ಇಲ್ಲ."

"ಮತ್ತೆ?"

ಮುನಿಕೃಷ್ಣಪ್ಪ ಎರಡು ದಿನ ತಣ್ಣೀರು ಸ್ನಾನ ಮಾಡಿ ಮೂರನೆಯ ದಿನ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಮಗನ ಎದುರು ನಿಂತರು. "ನಂಗೆ ಎಪ್ಪತ್ನಾಲ್ಕು ಕಣ್ಲಾ. ನಿನ್ ಕಾರಿಗೆ ಸಿಗೋ ಕರೆಂಟು ನನ್ ಮೈಗೆ ನೀರ್ ಕಾಯ್ಸಕ್ಕಿಲ್ವಾ?"

"ಸ್ಟೇಷನ್‌ಗೇ ಹೋಗ್ರಿ," ಎಂದಳು ಸುಮಾ ಗಂಡನಿಗೆ.

"ಹೆಬ್ಬಾಳದ ಸ್ಟೇಷನ್‌ನಲ್ಲಿ ನನ್ ಮುಂದೆ ನಾಲ್ಕು ಗಾಡಿ ಇರುತ್ತೆ ಕಣೇ. ಒಂದೂವರೆ ಗಂಟೆ ಕಾದ್ರೆ ಒಂದ್ ಟ್ರಿಪ್ ಹೋಯ್ತು. ಯೂನಿಟ್ಟಿಗೆ ರೇಟೂ ಜಾಸ್ತಿ."

ಮೂರನೆಯ ವಾರ ಅಡುಗೆಮನೆಯ ತನಕ ಸುಟ್ಟ ವಾಸನೆ ಬಂತು. ಹಾಲು ಉಕ್ಕಿತೇನೋ ಎಂದು ಸುಮಾ ಒಲೆ ನೋಡಿದಳು. ಹಾಲು ಸುಮ್ಮನಿತ್ತು. ಹೊರಗೆ ಬಂದರೆ ಪೋರ್ಟಿಕೋದ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಮೂಲೆಯಲ್ಲಿ ಮೇಣದಂತೆ ಕರಗಿತ್ತು. ಅವಳು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಮಲಗಿದ್ದ ಭೀಮರಾಜನನ್ನು ಎಬ್ಬಿಸಿ, ಎಲೆಕ್ಟ್ರಿಷಿಯನ್ ತಾಜುದ್ದೀನನಿಗೆ ಫೋನ್ ಮಾಡಿದಳು.

ತಾಜುದ್ದೀನ್ ಸಾಕೆಟ್ ಬಿಚ್ಚಿ, ಒಳಗಿನ ವೈರು ಎಳೆದು ನೋಡಿ, ಟೆಸ್ಟರ್ ಹಚ್ಚಿದ. ಮತ್ತೊಮ್ಮೆ ಹಚ್ಚಿದ.

"ಭೀಮಣ್ಣ, ಈ ಪಾಯಿಂಟಿಗೆ ಅರ್ತಿಂಗೇ ಇಲ್ಲ."

"ಅಂದ್ರೆ?"

"ಅಂದ್ರೆ ಏನ್ ಹೇಳ್ಲಿ? ಗಾಡಿ ತಗಡಿಗೆ ಕರೆಂಟು ಬಂದಿದ್ರೆ, ಮುಟ್ಟಿದವರು ಬದುಕ್ತಿರ್ಲಿಲ್ಲ. ಮೂರು ವಾರ ಇದ್ರಲ್ಲೇ ಹಾಕಿದೀರಾ? ಅಲ್ಲಾನೇ ಕಾಪಾಡಿದಾನೆ."

ಭೀಮರಾಜ್ ಗೋಡೆಗೆ ಒರಗಿ ಕೂತ. ಮೋನಿಷಾ ದಿನಾ ಬೆಳಗ್ಗೆ ಬರಿಗಾಲಲ್ಲಿ ಬಂದು ಆ ಪ್ಲಗ್ ತೆಗೆಯುತ್ತಿದ್ದಳು.

"ವೈರು ಹಳೇದು, ತೆಳು," ಎಂದ ತಾಜುದ್ದೀನ್. "ಮೋಟ್ರು, ಗೀಸರ್, ಗಾಡಿ, ಎಲ್ಲಾ ಒಂದೇ ಲೈನಲ್ಲಿ. ಸಾಕೆಟ್ ಬದಲಾಯಿಸಿ ಕೊಟ್ಟು ಹೋಗ್ಲಾ ಅಂದ್ರೆ ನಾನು ಮಾಡಲ್ಲ. ಗಾಡಿಗೆ ಅಂತ ಬೇರೆ ಮೀಟರ್ ಕೊಡ್ತಾರೆ. ಅದ್ರಿಂದ ದಪ್ಪ ವೈರು ಎಳೆದು, ಗೋಡೆಗೆ ಏಳು ಕಿಲೋವ್ಯಾಟ್ ಚಾರ್ಜರ್ ಕೂರ್ಸೋಣ. ಆರೇಳು ಗಂಟೇಲಿ ಫುಲ್. ಮನೆ ಕರೆಂಟಿಗೂ ಅದಕ್ಕೂ ಸಂಬಂಧ ಇರಲ್ಲ."

"ಏನೇನ್ ಬೇಕು?"

"ಅರ್ಜಿ, ಆಧಾರ್, ಮನೆ ಇ-ಖಾತಾ. ಮನೆ ನಿಮ್ದೇ ಅಲ್ವಾ, ಆರಾಮ್."

ಮುನಿಕೃಷ್ಣಪ್ಪ ಜಗಲಿಯಿಂದ ಎದ್ದು ಒಳಗೆ ಹೋದರು. ಆಗ ಅದನ್ನು ಯಾರೂ ಗಮನಿಸಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಮಗ ಕೇಳಿದ. "ಅಪ್ಪ, ಖಾತಾ ಪೇಪರ್ ಎಲ್ಲಿಟ್ಟಿದೀಯ?"

"ಬೀರುವಿನಾಗೆ ಎಲ್ಲೋ ಐತೆ. ಹುಡುಕ್ಬೇಕು."

"ಬೀಗದ ಕೈ ಕೊಡು, ನಾನೇ ಹುಡುಕ್ತೀನಿ."

"ಅವಸರ ಏನು? ಬೇರೆ ಮೀಟರ್ ಯಾಕೆ? ಆ ಗಾಡಿ ಮಾರಾಕು."

ಹೀಗೆ ಐದು ದಿನ ಕಳೆಯಿತು. ಒಂದು ದಿನ ಬೀಗದ ಕೈ ಸಿಗಲಿಲ್ಲ, ಇನ್ನೊಂದು ದಿನ ಮುನಿಕೃಷ್ಣಪ್ಪನವರಿಗೆ ತಲೆನೋವು. ಆರನೆಯ ದಿನ ಭಾನುವಾರ. ಇಡ್ಲಿ ತಿನ್ನುತ್ತ ಮೋನಿಷಾ ಫೋನು ನೋಡುತ್ತಿದ್ದಳು.

"ಅಪ್ಪ, ಪೇಪರ್ ಬೇಕಾಗಿಲ್ಲ. ಇ-ಖಾತಾ ಡ್ರಾಫ್ಟ್ ಆನ್‌ಲೈನಲ್ಲೇ ಇದೆ. ಪಕ್ಕದ ಮನೇದೂ ಇದೆ, ನಮ್ದೂ... ಇದೇನಿದು, ತಾತನ ಹೆಸರೇ ಇಲ್ಲ?"

"ಮತ್ಯಾರ್ದಿದೆ? ಮುತ್ತಾತಂದಾ?"

"ಮಾಲೀಕರ ಹೆಸರು, ವನಿತಾ ಎಂ." ಅವಳು ತಲೆಯೆತ್ತಿದಳು. "ಅತ್ತೆ ಹೆಸರಿದೆಯಪ್ಪ."

ವನಿತಾ ಭೀಮರಾಜನ ಅಕ್ಕ. ಚಿಕ್ಕಬಾಣಾವರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ಸೀರೆಗಳಿಗೆ ಫಾಲ್ ಹಚ್ಚಿ, ಅಂಚು ಹೊಲಿದು ಸಂಸಾರ ನಡೆಸುತ್ತಿದ್ದವಳು.

ಭೀಮರಾಜ್ ಫೋನು ಕಿತ್ತುಕೊಂಡು ನೋಡಿದ. ಮನೆ ನಂಬರ್ ಸರಿಯಿತ್ತು, ಅಳತೆ ಸರಿಯಿತ್ತು. ಗೇಟಿನ ಫೋಟೋ ಕೂಡ ಇವರದೇ. ಮಾಲೀಕತ್ವ ಬಂದ ಬಗೆ ಎಂಬಲ್ಲಿ ದಾನಪತ್ರ ಎಂದು ಬರೆದಿತ್ತು. ಅವನು ಅಪ್ಪನ ಮುಖ ನೋಡಿದ. ಮುನಿಕೃಷ್ಣಪ್ಪ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

"ಅಪ್ಪ. ಇದು ತಪ್ಪಾಗಿ ಬಂದಿದೆ ಅಲ್ವಾ?"

"ತಪ್ಪಲ್ಲ."

"ಅಂದ್ರೆ?"

"ನಾನೇ ಬರ್ಕೊಟ್ಟೆ. ಒಂಬತ್ ವರ್ಷ ಆಯ್ತು."

ಕುಕ್ಕರ್ ಕೂಗಿತು. ಅದನ್ನು ಆರಿಸಲು ಯಾರೂ ಏಳಲಿಲ್ಲ. ಮೂರನೆಯ ಸಲ ಕೂಗಿದ ಮೇಲೆ ಮೋನಿಷಾ ಎದ್ದುಹೋದಳು.

"ನಾನು ಇದೇ ಮನೇಲಿ ಇದೀನಿ!" ಭೀಮರಾಜನ ದನಿ ಒಡೆಯಿತು. "ಮೇಲಿನ ರೂಮ್ ಕಟ್ಸಿದ್ದು ನಾನು. ಬಣ್ಣ ಹೊಡ್ಸಿದ್ದು ನಾನು. ಅಕ್ಕನಿಗೆ ಯಾಕೆ ಕೊಟ್ಟೆ?"

"ಬಾಗಲೂರ್ ಕಡೆ ಎರಡ್ ಎಕರೆ ಮಾರಿದ್ವಲ್ಲ. ಆವತ್ತು ಅವಳನ್ನ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡ್ ಬಂದವನು ಯಾರು?"

"ನಾನು."

"ಸೈನ್ ಆಕ್ಸಿದ್ ಮೇಲೆ ಏನ್ ಕೊಟ್ಟೆ?"

ಭೀಮರಾಜ್ ಫೋನನ್ನು ಮಗುಚಿಟ್ಟ.

"ಒಂದ್ ಸೀರೆ," ಎಂದರು ಮುನಿಕೃಷ್ಣಪ್ಪ. "ಒಂದ್ ಸೀರೆ, ಓಟ್ಲಿನಾಗೆ ಒಂದ್ ಊಟ. ಮಿಕ್ಕಿದ್ದೆಲ್ಲ ನಿನ್ನ ಎರಡು ಬಸ್ಸಿಗೆ ಓಯ್ತು, ಬಸ್ಸೂ ಓಯ್ತು. ಆರ್ ತಿಂಗ್ಳಿಗೆ ಅಳಿಯ ಕಾಲ್ ಮುರ್ಕೊಂಡ. ನನ್ ಮಗಳು ಆಸ್ಪತ್ರೆ ಬಾಗಿಲಾಗೆ ಕೂತ್ಕೊಂಡಿದ್ಲು, ನನ್ ಜೇಬು ಖಾಲಿ. ನನ್ ಎಸರಿನಾಗೆ ಉಳಿದಿದ್ದು ಈ ಮನೆ ಒಂದೇ."

"ನಂಗೆ ಒಂದ್ ಮಾತು ಹೇಳ್ಬಹುದಿತ್ತು."

"ಯೋಳಿದ್ರೆ ಬಿಡ್ತಿದ್ಯಾ?"

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ನಾರಾಯಣಮ್ಮ ಗಂಡನ ಎದುರಿಗೆ ಬಂದರು. "ಅವನಿಗೆ ಯೋಳ್ನಿಲ್ಲ, ಸರಿ. ನಂಗೆ? ನಲವತ್ತೆಂಟು ವರ್ಷ ನಿಮಗೆ ಮುದ್ದೆ ತಿರುವಾಕಿದೀನಿ. ನಾನ್ ಮಲಗೋ ಮನೆ ಯಾರ್ದು ಅಂತ ನಂಗೂ ಗೊತ್ತಾಗ್ಬಾರ್ದಾ?"

ಮುನಿಕೃಷ್ಣಪ್ಪ ತಟ್ಟೆ ಸರಿಸಿ ಎದ್ದರು. ಅಂದಿನಿಂದ ನಾರಾಯಣಮ್ಮ ಗಂಡನ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು ಒಳಗೆ ಬಂದುಬಿಡುತ್ತಿದ್ದರು. ಇನ್ನಷ್ಟು ಸಾರು ಬೇಕೇ ಎಂದು ಕೇಳುತ್ತಿರಲಿಲ್ಲ.

ಭೀಮರಾಜ್ ಬೇರೆ ಮೀಟರಿನ ಮಾತನ್ನೇ ಬಿಟ್ಟ. ಬೆಳಗ್ಗೆ ಹೋಗಿ ಯಲಹಂಕದ ಸ್ಟೇಷನ್‌ನಲ್ಲಿ ಸರದಿ ನಿಲ್ಲುತ್ತಿದ್ದ. ಮೂವತ್ತು ಪರ್ಸೆಂಟ್ ತುಂಬುವಷ್ಟರಲ್ಲಿ ಟ್ರಿಪ್ಪಿನ ಕರೆ ಬಂದರೆ ಅಷ್ಟಕ್ಕೇ ಪ್ಲಗ್ ಕಿತ್ತು ಹೊರಡುತ್ತಿದ್ದ. ರಾತ್ರಿಯ ಊಟವೂ ಹೊರಗೇ.

"ಅತ್ತಿಗೆ ಹತ್ರ ಹೋಗಿ ಒಂದ್ ಸೈನ್ ಕೇಳಿ," ಎಂದಳು ಸುಮಾ.

"ನನ್ ಮನೆ ಕಿತ್ಕೊಂಡವಳ ಹತ್ರ ಹೋಗಿ ಕೈ ಚಾಚ್ಲಾ?"

"ಅವರು ಕಿತ್ಕೊಂಡ್ರು ಅಂತ ನಿಮಗ್ಯಾರ್ ಹೇಳಿದ್ದು?"

"ಒಂಬತ್ ವರ್ಷ ಬಾಯಿ ಮುಚ್ಕೊಂಡಿದ್ಲಲ್ಲ!"

ಕೊನೆಗೆ ಸುಮಾ ತಾನೇ ಹೊರಟಳು. ಹೆಬ್ಬಾಳದವರೆಗೆ ಒಂದು ಬಸ್ಸು, ಯಶವಂತಪುರದವರೆಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಚಿಕ್ಕಬಾಣಾವರ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ವನಿತಾ ಬಾಗಿಲ ಬಳಿ ಮಷೀನ್ ಹಾಕಿಕೊಂಡು ಕೂತಿದ್ದಳು. ಸುಮಾಳನ್ನು ಕಂಡೊಡನೆ ಅವಳ ಕಾಲು ಪೆಡಲ್ ಮೇಲೆ ನಿಂತಿತು.

"ಗೊತ್ತಾಯ್ತಾ?" ಎಂದಳು.

ಸುಮಾ ತಲೆಯಾಡಿಸಿದಳು.

"ನಾನು ಕೇಳಿರ್ಲಿಲ್ಲ ಸುಮಾ, ನಂಬು. ಒಂದಿನ ಅಪ್ಪ ಬಂದು ಆಧಾರ್ ತಗೊಂಡ್ ಬಾ ಅಂದ್ರು, ಹೋದೆ. ನಾನ್ ಇರೋವರ್ಗೂ ಯಾರ್ಗೂ ಹೇಳ್ಬೇಡ ಅಂತ ಆಣೆ ಇಡಿಸ್ಕೊಂಡ್ರು. ಹಬ್ಬಕ್ಕೆ ಬರೋವಾಗೆಲ್ಲ ಎದೆ ಹೊಡ್ಕೊಳೋದು. ಇವತ್ತು ಕೇಳ್ತಾರೇನೋ, ಇವತ್ತು ಕೇಳ್ತಾರೇನೋ ಅಂತ."

ಸುಮಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. "ಹೋದ ಯುಗಾದಿಗೆ ಬಂದಾಗ ನೀವು ಇನ್ನೊಂದ್ ಲೋಟ ಹಾಲು ತಗೋಳ್ಲಾ ಅಂತ ಕೇಳಿದ್ರಿ. ಬೇಡ, ನೆಂಟರು ಬರೋರಿದಾರೆ, ಅವ್ರಿಗೆ ಬೇಕಾಗತ್ತೆ ಅಂದೆ ನಾನು."

"ಹೂಂ, ಅಂದಿದ್ದೆ ನೀನು."

"ನಿಮ್ ಮನೇಲೇ ನಿಂತ್ಕೊಂಡು ನನ್ನ ಕೇಳಿದ್ರಾ ಅತ್ತಿಗೆ?"

"ಮತ್ತಿನ್ನೇನ್ ಮಾಡ್ಲಿ? ಅಡುಗೆಮನೆ ನಿಂದು."

ಸುಮಾ ಕಣ್ಣು ಒರೆಸಿಕೊಂಡಳು. ವನಿತಾ ಟೀ ಮಾಡಿ ಕೊಟ್ಟಳು. ಕರಗಿದ ಸಾಕೆಟ್, ಮೋನಿಷಾಳ ಬರಿಗಾಲು, ನಿಂತುಹೋದ ಗ್ರೈಂಡರ್, ಎಲ್ಲವನ್ನೂ ಸುಮಾ ಹೇಳಿದಳು. ಮೋನಿಷಾಳ ವಿಷಯ ಬಂದಾಗ ವನಿತಾ ಲೋಟ ಕೆಳಗಿಟ್ಟಳು.

"ಸೈನ್ ಹಾಕ್ತೀನಿ. ಅದಕ್ಕೇನೂ ಇಲ್ಲ. ಆದ್ರೆ ನಿನ್ ಕೈಲಿ ಕಳಿಸಲ್ಲ. ಆವತ್ತು ಹೊಲದ ಪತ್ರಕ್ಕೆ ಸೈನ್ ಹಾಕು ಬಾ ಅಂತ ಭೀಮ ಇದೇ ಬಾಗಿಲಿಗೆ ಬಂದಿದ್ದ. ಇವತ್ತೂ ಅವನೇ ಬಂದು ಕೇಳ್ಲಿ."

ಸುಮಾ ಬಂದು ಹೇಳಿದಾಗ ಭೀಮರಾಜ್ ಒಂದೇ ಮಾತು ಹೇಳಿದ. "ಆಗಲ್ಲ."

ಹನ್ನೊಂದು ದಿನ ಅವನು ಆ ಮಾತಿನ ಮೇಲೇ ನಿಂತ. ಹನ್ನೆರಡನೆಯ ದಿನ ಮಧ್ಯಾಹ್ನ ಆರ್.ಟಿ. ನಗರದಿಂದ ತಾಯಿ ಮತ್ತು ಮಗ ಅವನ ಕಾರು ಹತ್ತಿದರು. ಲಕ್ನೋದಲ್ಲಿ ಆ ತಾಯಿಯ ತಮ್ಮ ತೀರಿಕೊಂಡಿದ್ದ, ಅಂದೇ ರಾತ್ರಿ ಮಣ್ಣು ಮಾಡುವವರಿದ್ದರು. ಹೊರಟಾಗ ಬ್ಯಾಟರಿ ಹನ್ನೆರಡು ಪರ್ಸೆಂಟ್ ಇತ್ತು, ಏರ್‌ಪೋರ್ಟಿಗೆ ಸಾಕಾಗಬೇಕಿತ್ತು. ಹೆಬ್ಬಾಳದ ಜಾಮಿನಲ್ಲಿ ಮುಕ್ಕಾಲು ಗಂಟೆ ಏಸಿ ಹಾಕಿಕೊಂಡು ನಿಂತಿತು. ಮೇಲಿನ ರಸ್ತೆಗೆ ಹತ್ತಿದ ಮೇಲೆ ತಡವಾಗುತ್ತದೆಂದು ಅವನು ಜೋರಾಗಿ ಓಡಿಸಿದ. ಅಂಕಿಗಳು ಅವನ ಕಣ್ಣೆದುರೇ ಉದುರಿದವು. ಯಲಹಂಕ ದಾಟುವಷ್ಟರಲ್ಲಿ ಕಾರು ತಾನಾಗಿಯೇ ವೇಗ ಇಳಿಸಿಕೊಂಡು ತೆವಳತೊಡಗಿತು.

ಭೀಮರಾಜ್ ಪಕ್ಕಕ್ಕೆ ನಿಲ್ಲಿಸಿ ರಸ್ತೆಗೆ ಓಡಿಹೋಗಿ ಕೈ ಅಡ್ಡ ಹಿಡಿದು ಎರಡು ಟ್ಯಾಕ್ಸಿ ನಿಲ್ಲಿಸಲು ನೋಡಿದ. ಮೂರನೆಯದು ನಿಂತಿತು. ಆ ಹೆಂಗಸು ಬುರ್ಖಾ ಸರಿಪಡಿಸಿಕೊಂಡು, ತನ್ನ ಬ್ಯಾಗು ತಾನೇ ಎತ್ತಿಕೊಂಡು ಇಳಿದಳು. ಮಗ ಬೈದ. ಅವಳು ಬೈಯಲಿಲ್ಲ. ಕಾರನ್ನೊಮ್ಮೆ, ಭೀಮರಾಜನನ್ನೊಮ್ಮೆ ನೋಡಿ, "ತಮ್ಮನ ಮುಖ ನೋಡೋಕಾದ್ರೂ ಸಿಗತ್ತೋ ಇಲ್ವೋಪ್ಪ," ಎಂದಷ್ಟೇ ಹೇಳಿ ಹೋದಳು.

ಕಾರನ್ನು ಲಾರಿಯಲ್ಲಿ ಹಾಕಿಸಿ ತಂದು ಮನೆ ಮುಂದೆ ಇಳಿಸಿದಾಗ ಬೀದಿಯವರೆಲ್ಲ ಹೊರಬಂದು ನೋಡಿದರು. ಅವನು ಊಟ ಮಾಡಲಿಲ್ಲ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸುಮಾ, ಚಿಕ್ಕಬಾಣಾವರಕ್ಕೆ ಯಾವ ಬಸ್ಸು ಹತ್ಬೇಕು?" ಎಂದ.

ಅಕ್ಕನ ಮನೆ ಬಾಗಿಲಲ್ಲಿ ಅವನು ಚಪ್ಪಲಿ ಬಿಟ್ಟ. ಭಾವ ಉಮೇಶ್ ಕೋಲೂರಿಕೊಂಡು ಎದ್ದು ಕುರ್ಚಿ ಕೊಟ್ಟ. ವನಿತಾ ಅನ್ನ, ಹುರುಳಿ ಸಾರು ಬಡಿಸಿದಳು. ತಲೆ ತಗ್ಗಿಸಿ ಉಂಡು ಮುಗಿಸಿದ ಮೇಲೆ, ಒಣಗುತ್ತಿದ್ದ ಎಂಜಲು ಕೈಯಲ್ಲೇ ಅವನು ಹೇಳಿದ.

"ಅಕ್ಕ, ಮನೆಗೆ ಒಂದ್ ಮೀಟರ್ ಬೇಕು. ಓನರ್ ಸೈನ್ ಬೇಕಂತೆ. ಬರ್ತೀಯಾ?"

"ಬರ್ತೀನಿ."

"ಆವತ್ತು ಹೊಲದ್ದು..." ಎಂದು ಶುರುಮಾಡಿ ನಿಲ್ಲಿಸಿದ. "ತಪ್ಪಾಯ್ತು ಅಕ್ಕ."

ವನಿತಾ ಅವನ ಕೈಗೆ ನೀರು ಹುಯ್ದಳು.

ಮುಂದಿನ ಬುಧವಾರ ಅವಳು ತಣಿಸಂದ್ರಕ್ಕೆ ಬಂದಳು. ವನಿತಾ ಗೇಟು ತೆಗೆಯುತ್ತಿದ್ದಂತೆ ಮುನಿಕೃಷ್ಣಪ್ಪ ಜಗಲಿಯ ಮೇಲೆ ಎದ್ದು ನಿಂತರು. ಆ ಮನೆಯಲ್ಲಿ ಯಾರಿಗಾದರೂ ಅವರು ಎದ್ದು ನಿಂತದ್ದನ್ನು ಮೋನಿಷಾ ಅಂದೇ ಮೊದಲು ಕಂಡದ್ದು. ನಾರಾಯಣಮ್ಮ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಗಂಡನ ಕಡೆ ತಿರುಗಿ, "ನೀವೂ ಒಳಗೇ ಬನ್ನಿ, ಕಾಫಿ ಆರೋಯ್ತದೆ," ಎಂದರು. ಮೂರು ವಾರದಲ್ಲಿ ಅವರು ಗಂಡನಿಗೆ ಆಡಿದ ಮೊದಲ ಮಾತು ಅದು.

ತಾಜುದ್ದೀನ್ ಅರ್ಜಿ ತಂದಿದ್ದ, ನಾಲ್ಕು ಹಾಳೆ. ಪೆನ್ನಿನಿಂದ ಅಡ್ಡಗೆರೆ ಹಾಕಿ ಗುರುತು ಮಾಡಿದ್ದ. "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ. ಮೂರೇ ಸೈನ್ ಮೇಡಂ. ಆಫೀಸ್ ಮುಚ್ಚೋದ್ರೊಳಗೆ ಕೊಟ್ಬರ್ತೀನಿ."

ಭೀಮರಾಜ್ ಪೆನ್ನು ಚಾಚಿದ. ವನಿತಾ ಪೆನ್ನು ತೆಗೆದುಕೊಳ್ಳಲಿಲ್ಲ. ಬ್ಯಾಗಿನಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಹಾಕಿಕೊಂಡಳು.

"ಮೊದ್ಲು ಓದ್ತೀನಿ."

"ಓದೋಕೇನಿದೆ ಅಕ್ಕ, ಬರೀ ಫಾರ್ಮು," ಎಂದ ಭೀಮರಾಜ್ ಬಾಯಿತಪ್ಪಿ. ಹೇಳಿದ ಕೂಡಲೇ ಅವನ ಮುಖ ಕಪ್ಪಿಟ್ಟಿತು.

ಅವಳು ಓದಿದಳು. ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿಯಾಡಿಸುತ್ತ ಓದಿದಳು. ತಾಜುದ್ದೀನ್ ಎರಡು ಸಲ ಗಡಿಯಾರ ನೋಡಿದ. ಮುನಿಕೃಷ್ಣಪ್ಪ ಕಾಫಿ ಕುಡಿದು ಮುಗಿಸಿದರು. ಎರಡನೆಯ ಹಾಳೆಯಲ್ಲಿ ಅವಳ ಬೆರಳು ನಿಂತಿತು.

"ಭೀಮ, ಏಳು ಕಿಲೋವ್ಯಾಟ್ ಅಂತಿದೆ. ಏನದು? ಈಗಿರೋದಕ್ಕೂ ಅದಕ್ಕೂ ಏನ್ ವ್ಯತ್ಯಾಸ? ನಂಗೆ ಅರ್ಥ ಆಗೋ ಹಾಗೆ ಹೇಳು."

ಭೀಮರಾಜ್ ಮಗಳ ಕಡೆ ನೋಡಿದ. ಮೋನಿಷಾ ಕಣ್ಣಿನಲ್ಲೇ ಅತ್ತೆಯ ಕಡೆ ತೋರಿಸಿದಳು. ಅವನು ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ಮನೆ ಕರೆಂಟು ಬ್ಯಾಟರಿಗೆ ನೇರವಾಗಿ ಆಗಲ್ಲ ಅಕ್ಕ," ಎಂದು ಮೊದಲಿನಿಂದ ಹೇಳತೊಡಗಿದ. ಕಾರೊಳಗಿನ ಡಬ್ಬಿ, ತೆಳು ವೈರು, ಗಂಟೆಗೆ ಎಷ್ಟು ಯೂನಿಟ್, ಇಡೀ ರಾತ್ರಿ ಹಾಕಿದರೂ ಯಾಕೆ ಅರ್ಧ ತುಂಬಲಿಲ್ಲ, ಅರ್ತಿಂಗ್ ಇಲ್ಲದಿದ್ದರೆ ಏನಾಗುತ್ತಿತ್ತು, ಎಲ್ಲವನ್ನೂ. ನಡುವೆ ಅವಳು ಪ್ರಶ್ನೆ ಕೇಳಿದಳು. ಅವನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಹೇಳಿದ.

"ಸರಿ," ಎಂದಳು ವನಿತಾ. ಮೂರನೆಯ ಹಾಳೆ ಓದಿದಳು, ನಾಲ್ಕನೆಯದನ್ನೂ ಓದಿದಳು. ಆಮೇಲೆ ತಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು, ಮಾಲೀಕರು ಎಂದು ಅಚ್ಚಾಗಿದ್ದ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದಳು.